ಕಾಜಲ್ ಬಿಳಿಯಾದ ಬಗೆ

ಕಾಜಲ್ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. 2016ರಲ್ಲಿ ಟಾಂಗಾ ಓಡಿಸುವ ಚಾಚಾ ಅವಳನ್ನು ಕೊಂಡು ತಂದಾಗ ಎರಡು ವರ್ಷ ತುಂಬಿತ್ತಷ್ಟೆ. ಕಾಡಿಗೆ ತೀಡಿದ ಹಾಗೆ ಮೈಯೆಲ್ಲ ಕಪ್ಪು, ಹಣೆಯಲ್ಲಿ ಒಂದು ಬಿಳಿ ಬೊಟ್ಟು, ಹಿಂದಿನ ಎಡಗಾಲಲ್ಲಿ ಗೊರಸಿನ ಮೇಲೆ ನಾಲ್ಕು ಬೆರಳಗಲ ಬಿಳಿ. ಈಗ ಅವಳು ಮೈಸೂರು ಅರಮನೆಯ ವರಾಹ ಗೇಟ್ ಕಡೆ ಗಾಡಿ ಹೂಡಿಕೊಂಡು ನಿಂತರೆ, ‘ಆ ಬಿಳಿ ಕುದುರೆ ಗಾಡೀಲೇ ಹೋಗೋಣಪ್ಪ’ ಅಂತ ಮಕ್ಕಳು ಹಟ ಹಿಡಿಯುತ್ತವೆ. ಕುದುರೆ ಅದೇ, ಹೆಸರೂ ಅದೇ.

ನಮ್ಮ ಮನೆ ಲಷ್ಕರ್ ಮೊಹಲ್ಲಾದಲ್ಲಿ. ಚಾಚಾ ಅವರ ಲಾಯ ಎರಡು ಗಲ್ಲಿ ಆಚೆ. ನಾನು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದದ್ದು ಅವರ ಟಾಂಗಾದಲ್ಲೇ, ಹುಲ್ಲಿನ ಮೂಟೆಯ ಮೇಲೆ ಕೂತು. ಈಗ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಅನುವಂಶೀಯತೆಯ ಪಾಠ ಬಂದಾಗಲೆಲ್ಲ ಮೆಂಡೆಲನ ಬಟಾಣಿ ಮುಗಿಸಿ ಮಕ್ಕಳನ್ನು ಕುದುರೆ ತೋರಿಸಲು ಕರೆದುಕೊಂಡು ಹೋಗುವುದು ಹತ್ತು ವರ್ಷದಿಂದ ನಡೆದುಬಂದ ಪದ್ಧತಿ. ಪುಸ್ತಕದಲ್ಲಿ ಜೀನ್‌ಗಳ ಗುರುತಾಗಿ ಚೌಕಗಳಲ್ಲಿ ಕೂತಿರುವ ಅಕ್ಷರಗಳು ಲಾಯದಲ್ಲಿ ಬಾಲ ಬೀಸುತ್ತ ಹುರುಳಿ ತಿನ್ನುತ್ತಿರುವುದನ್ನು ನೋಡಿದ ಹುಡುಗ ಹುಡುಗಿಯರು ಆಮೇಲೆ ಅದನ್ನು ಮರೆಯುವುದಿಲ್ಲ.

ಕಳೆದ ವರ್ಷ ಒಂದು ಘಟನೆ ನಡೆಯಿತು. ಇಷ್ಟೆಲ್ಲ ಬರೆಯಬೇಕು ಅನ್ನಿಸಿದ್ದು ಅದರಿಂದಲೇ. ಕೊರೋನಾ ಬಂದು ಗಾಡಿ ನಿಂತ ಕಾಲದಲ್ಲಿ ಚಾಚಾ ಕುದುರೆಯ ವಿಮೆ ಕಟ್ಟಲಾಗದೆ ಬಿಟ್ಟಿದ್ದರು. ಮತ್ತೆ ಮಾಡಿಸೋಣ ಅಂತ ಹೋದರೆ ಆ ಕಚೇರಿಯವರು ಹಳೆಯ ಕಡತ ತೆಗೆದರು. ‘ಬಣ್ಣ: ಕಪ್ಪು’ ಅಂತಿತ್ತು. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದದ್ದು ಬಿಳಿ ಕುದುರೆ. ‘ಏನ್ರೀ, ಸತ್ತ ಕುದುರೆ ಹೆಸರಲ್ಲಿ ಬೇರೆ ಕುದುರೆ ತಂದಿದ್ದೀರಾ?’ ಅಂದರಂತೆ. ಜನ್ಮದಲ್ಲಿ ಒಬ್ಬರಿಂದ ಒಂದು ರೂಪಾಯಿ ಹೆಚ್ಚಿಗೆ ಕೇಳದ ಮನುಷ್ಯ. ಅವತ್ತು ಸಂಜೆ ಮನೆಗೆ ಬಂದು ಕಾಗದ ನನ್ನ ಕೈಗಿಟ್ಟು, ‘ನೋಡಮ್ಮ, ನನ್ನ ಕಳ್ಳ ಮಾಡಿಬಿಟ್ರು’ ಅಂದರು. ಕಾಫಿ ಕೊಟ್ಟರೂ ಮುಟ್ಟಲಿಲ್ಲ.

ಕುದುರೆ ಹೀಗೆ ಬಣ್ಣ ಬದಲಿಸುವುದು ಚಾಚಾಗೆ ಹೊಸ ವಿಷಯವೇ ಅಲ್ಲ. ಕಾಜಲ್‌ಳನ್ನು ತಂದ ದಿನವೇ ಅವಳ ಕಣ್ಣ ಸುತ್ತ, ಮೂತಿಯ ಮೇಲೆ ಬೆರಳಾಡಿಸಿ ಅಲ್ಲಲ್ಲಿ ಇಣುಕುತ್ತಿದ್ದ ಬಿಳಿ ಕೂದಲು ತೋರಿಸಿ, ‘ಇದು ಸಬ್ಜಾ ಆಗುತ್ತೆ, ಹತ್ತು ವರ್ಷಕ್ಕೆ ಹಾಲಿನ ಥರ’ ಅಂದಿದ್ದರು. ನಾವು ಬಿಳಿ, ಕಪ್ಪು, ಕೆಂಪು, ಕಂದು ಅನ್ನುವ ನಾಲ್ಕು ಮಾತಿನಲ್ಲಿ ಮುಗಿಸುವುದನ್ನು ಗಾಡಿಯವರು ಹಾಗೆ ಮುಗಿಸುವುದಿಲ್ಲ. ಮೈ ಕೆಂಪು, ಕುತ್ತಿಗೆಗೂದಲು ಬಾಲ ಕಾಲು ಕಪ್ಪಾದರೆ ಕುಮ್ಮೈತ್. ಮೈಯೂ ಕೆಂಪು ಕುತ್ತಿಗೆಗೂದಲೂ ಕೆಂಪಾದರೆ ಸುರಂಗ್. ಅಚ್ಚ ಕಪ್ಪು ಮುಷ್ಕಿ. ಹುಟ್ಟುವಾಗ ಬಣ್ಣವಿದ್ದು ಬರಬರುತ್ತ ನರೆಯುವುದು ಸಬ್ಜಾ. ಚರ್ಮವೇ ಗುಲಾಬಿಯಾಗಿ ಹುಟ್ಟಿನಿಂದಲೇ ಬಿಳಿಯಾದದ್ದು ನುಕ್ರಾ. ದೊಡ್ಡ ದೊಡ್ಡ ತೇಪೆ ಹಾಕಿದಂತಿದ್ದರೆ ಅಬ್ಲಕ್. ಸಬ್ಜಾ ಮತ್ತು ನುಕ್ರಾ ಎರಡೂ ನಮ್ಮ ಕಣ್ಣಿಗೆ ‘ಬಿಳಿ ಕುದುರೆ’. ಅವರಿಗೆ ಅವು ಎರಡು ಬೇರೆ ಜಾತಿ. ಜೀನ್‌ಗಳನ್ನು ಓದಿದ ಮೇಲೆ ನನಗೆ ಗೊತ್ತಾದದ್ದೇನೆಂದರೆ, ಸರಿ ಅವರದ್ದೇ.

ಮಕ್ಕಳಿಗೆ ನಾನು ಮೊದಲು ಹೇಳುವುದು, ಮೈ ನೋಡಬೇಡಿ, ಕಾಲು, ಬಾಲ, ಕುತ್ತಿಗೆಗೂದಲು, ಈ ತುದಿಗಳನ್ನು ನೋಡಿ ಅಂತ. ಕುದುರೆಯ ಕೂದಲಿಗೆ ಇರುವುದು ಎರಡೇ ಎರಡು ಬಣ್ಣದ್ರವ್ಯ. ಒಂದು ಕಪ್ಪು, ಯೂಮೆಲನಿನ್. ಇನ್ನೊಂದು ಕೆಂಪು, ಫಿಯೋಮೆಲನಿನ್. ಉಳಿದದ್ದೆಲ್ಲ ಇವೆರಡರ ಹಂಚಿಕೆ, ತೆಳುಮಾಡುವಿಕೆ, ಅಳಿಸುವಿಕೆ. ಬಣ್ಣ ತಯಾರಿಸುವ ಕಣದ ಮೇಲೆ ಎಂಸಿ1ಆರ್ ಎಂಬ ಒಂದು ಪ್ರೋಟೀನ್ ಇದೆ. ಅದನ್ನು ಆ ಕಣದ ಕಿವಿ ಅನ್ನಿ. ರಕ್ತದಲ್ಲಿ ಬರುವ ಹಾರ್ಮೋನು ‘ಕಪ್ಪು ಮಾಡು’ ಅಂತ ಕೂಗುತ್ತದೆ, ಕಿವಿಗೆ ಕೇಳಿಸಿದರೆ ಕಣ ಕಪ್ಪು ಮಾಡುತ್ತದೆ, ಕೇಳಿಸದಿದ್ದರೆ ತನ್ನ ಪಾಡಿಗೆ ಕೆಂಪು ಮಾಡುತ್ತ ಕೂರುತ್ತದೆ. ಸುರಂಗ್ ಕುದುರೆಯಲ್ಲಿ ಈ ಕಿವಿ ಕಿವುಡು. ಆ ಪ್ರೋಟೀನಿನ 83ನೇ ಜಾಗದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಫಿನೈಲ್‌ಅಲನೀನ್ ಎಂಬ ಇನ್ನೊಂದು ಬಂದು ಕೂತಿದೆ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಸ್ವೀಡನ್ನಿನ ಸಂಶೋಧಕರು 1996ರಲ್ಲಿ ಇದನ್ನು ಗುರುತಿಸಿದರು. ತಂದೆಯಿಂದ ಒಂದು ತಾಯಿಯಿಂದ ಒಂದು, ಎರಡೂ ಪ್ರತಿ ಹೀಗಿದ್ದರೆ ಮಾತ್ರ ಸುರಂಗ್. ಅದಕ್ಕೇ ಎರಡು ಸುರಂಗ್ ಕೂಡಿದರೆ ಕುಮ್ಮೈತ್ ಆಗಲಿ ಮುಷ್ಕಿಯಾಗಲಿ ಹುಟ್ಟುವುದಿಲ್ಲ. ‘ಕೆಂಪಿಗೆ ಕೆಂಪು ಕಟ್ಟಿದ್ರೆ ಕೆಂಪೇ’ ಅಂತ ಚಾಚಾ ಹೇಳುವುದು ಇದನ್ನೇ.

ಕಿವಿ ಸರಿಯಿದ್ದರೆ ಆಮೇಲೆ ಅಗೂಟಿ ಎಂಬ ಇನ್ನೊಂದು ಜೀನ್‌ನ ಕೆಲಸ. ಅದು ಮೈಯ ಭಾಗದಲ್ಲಿರುವ ಕಣಗಳ ಕಿವಿಗೆ ಬೆರಳಿಟ್ಟು ಮುಚ್ಚುತ್ತದೆ. ಅಲ್ಲಿ ಕೆಂಪು ಬರುತ್ತದೆ. ಕಾಲಿನ ಕೆಳಭಾಗ, ಬಾಲ, ಕುತ್ತಿಗೆಗೂದಲು, ಕಿವಿಯ ಅಂಚು, ಇಲ್ಲೆಲ್ಲ ಅದರ ಆಟ ನಡೆಯುವುದಿಲ್ಲ, ಕಪ್ಪು ಉಳಿಯುತ್ತದೆ. ಅದೇ ಕುಮ್ಮೈತ್. ಅಗೂಟಿಯ ಎರಡೂ ಪ್ರತಿಯಲ್ಲಿ 11 ಅಕ್ಷರ ಬಿಟ್ಟುಹೋಗಿದ್ದರೆ ಮುಚ್ಚುವ ಬೆರಳೇ ಇಲ್ಲ. ಮೈ ಪೂರ್ತಿ ಕಪ್ಪು, ಮುಷ್ಕಿ.

ದಸರೆಯಲ್ಲಿ ಜಂಬೂಸವಾರಿಗೆ ಮುಂಚೆ ಅಶ್ವಾರೋಹಿ ಪೊಲೀಸರು ಸಯ್ಯಾಜಿರಾವ್ ರಸ್ತೆಯಲ್ಲಿ ಸಾಲಾಗಿ ಬರುವಾಗ ನಾವು ಫುಟ್‌ಪಾತ್ ಮೇಲೆ ನಿಂತು ಕಾಲು ನೋಡಿ ಕೂಗುತ್ತೇವೆ, ಕುಮ್ಮೈತ್, ಕುಮ್ಮೈತ್, ಸುರಂಗ್. ಮಕ್ಕಳು ಎಡವುವುದು ಎರಡು ಕಡೆ. ಸುರಂಗಿನಲ್ಲಿ ಕಾಫಿ ಡಿಕಾಕ್ಷನ್ನಿನಷ್ಟು ಗಾಢವಾದವೂ ಇರುತ್ತವೆ, ದೂರದಿಂದ ಕಪ್ಪು ಅನ್ನಿಸುತ್ತವೆ. ಬಿಸಿಲಿಗೆ ಬಿಡುವ ಮುಷ್ಕಿಗಳು ತುಕ್ಕು ಹಿಡಿದ ಹಾಗೆ ಕಂದಾಗುತ್ತವೆ. ಹತ್ತಿರ ಹೋಗಿ ಮೂತಿಯ ಸುತ್ತ, ಹೊಟ್ಟೆಯ ಪಕ್ಕದ ಸಂದಿಯಲ್ಲಿ ನೋಡಬೇಕು. ಅಲ್ಲಿ ಬೆಲ್ಲದ ಬಣ್ಣದ ಕೂದಲಿದ್ದರೆ ಅದು ಗಾಢ ಕುಮ್ಮೈತ್, ಇಲ್ಲದಿದ್ದರೆ ಬಿಸಿಲಿಗೆ ಸುಟ್ಟ ಮುಷ್ಕಿ.

ಅಬ್ಲಕ್ ತೇಪೆಗಳ ಹಿಂದೆ ಹಲವು ಜೀನ್‌ಗಳಿವೆ. ಅದರಲ್ಲಿ ಒಂದು ಬಗೆ, 3ನೇ ಕ್ರೋಮೋಸೋಮಿನ ಒಂದು ತುಂಡು ತಿರುಗಾಮುರುಗಾ ಆಗಿ ಸೇರಿಕೊಂಡಿರುವುದರಿಂದ ಬರುತ್ತದೆ. ಆ ತುಂಡಿನ ಪಕ್ಕದಲ್ಲೇ ಇರುವುದು ಕಿಟ್ ಎಂಬ ಜೀನ್. ಬಣ್ಣದ ಕಣಗಳು ಭ್ರೂಣದಲ್ಲಿ ಬೆನ್ನಿನ ಕಡೆಯಿಂದ ಹೊರಟು ಮೈತುಂಬ ಹರಡಲು ಅದು ಬೇಕು. ಕಣ ತಲುಪದ ಕಡೆ ಚರ್ಮವೂ ಗುಲಾಬಿ, ಕೂದಲೂ ಬಿಳಿ. ನುಕ್ರಾ ಥರದ ಹುಟ್ಟುಬಿಳಿಗೂ ಹೆಚ್ಚಾಗಿ ಕಿಟ್ ಜೀನ್‌ನ ಮಾರ್ಪಾಡೇ ಕಾರಣ. ಅಂಥ ಮಾರ್ಪಾಡುಗಳು 30ಕ್ಕೂ ಹೆಚ್ಚು ಸಿಕ್ಕಿವೆ. ಕೆನೆ ಬಣ್ಣದ ಮೈ, ನೀಲಿ ಕಣ್ಣು ಇದ್ದರೆ ಮಾತ್ರ ಬೇರೆ ಕಥೆ, ಬಣ್ಣವನ್ನು ತೆಳುಮಾಡುವ ಜೀನ್‌ನ ಎರಡು ಪ್ರತಿ. ಒಂದು ಪ್ರತಿಯಿದ್ದರೆ ಸುರಂಗ್ ಕುದುರೆ ಬಂಗಾರದ ಬಣ್ಣಕ್ಕೆ ತಿರುಗಿ ಕುತ್ತಿಗೆಗೂದಲು ಬಿಳಿಯಾಗುತ್ತದೆ. ಎಷ್ಟು ಚೆಂದ ಅಂತೀರಿ.

ಸಬ್ಜಾ ಇವೆಲ್ಲಕ್ಕಿಂತ ಬೇರೆ, ಯಾಕೆಂದರೆ ಅದು ಬಣ್ಣವಲ್ಲ, ಬಣ್ಣ ಬಿಟ್ಟುಹೋಗುವ ಕ್ರಿಯೆ. ಎಸ್‌ಟಿಎಕ್ಸ್17 ಎಂಬ ಜೀನ್‌ನೊಳಗೆ ಸುಮಾರು 4,600 ಅಕ್ಷರಗಳ ಒಂದು ತುಂಡು ಎರಡು ಸಲ ಬರೆದುಹೋಗಿದೆ. 2008ರಲ್ಲಿ ಇದು ಗೊತ್ತಾಯಿತು. ಈ ತುಂಡು ಎರಡಲ್ಲ ಮೂರು ಸಲ ಬಂದಿರುವ ಕುದುರೆಗಳು ಬೇಗ ಬಿಳಿಯಾಗುತ್ತವೆ, ಎರಡೇ ಸಲ ಬಂದವು ತುಂಬ ನಿಧಾನ ಅನ್ನುವುದು ಈಚೆಗೆ, 2024ರಲ್ಲಿ ಪ್ರಕಟವಾಯಿತು. ಕೂದಲ ಬುಡದಲ್ಲಿ ಬಣ್ಣದ ಕಣಗಳಿಗೊಂದು ದಾಸ್ತಾನು ಇರುತ್ತದೆ. ಸಬ್ಜಾದಲ್ಲಿ ಆ ದಾಸ್ತಾನು ಅವಸರದಲ್ಲಿ ಖರ್ಚಾಗಿ ಬರಿದಾಗುತ್ತದೆ ಅನ್ನುವುದು ವಿಜ್ಞಾನಿಗಳ ವಿವರಣೆ. ಮೊದಲ ವರ್ಷಗಳಲ್ಲಿ ಬಣ್ಣ ಇನ್ನಷ್ಟು ಗಾಢವಾಗಿ ಕಾಣುವುದೂ, ಆಮೇಲೆ ಇದ್ದಕ್ಕಿದ್ದ ಹಾಗೆ ನರೆಯುವುದೂ ಇದಕ್ಕೇ. ಚರ್ಮದ ಕಪ್ಪಿಗೆ ಏನೂ ಆಗುವುದಿಲ್ಲ. ಸಬ್ಜಾ ಕುದುರೆಯ ಮೂತಿ, ಕಣ್ಣ ಸುತ್ತ, ಬಾಲದ ಕೆಳಗೆ ನೋಡಿ, ಕೂದಲು ಕಡಿಮೆ ಇರುವಲ್ಲೆಲ್ಲ ಚರ್ಮ ಕಾಡಿಗೆಯಂತೆ ಕಪ್ಪಾಗಿಯೇ ಇರುತ್ತದೆ.

ಕಾಜಲ್ ನರೆತದ್ದನ್ನು ನಾನು ವರ್ಷ ವರ್ಷವೂ ನೋಡಿದ್ದೇನೆ. ಮೊದಲು ಮುಖ. ಆಮೇಲೆ ಪಕ್ಕೆಯ ಮೇಲೆ, ತೊಡೆಯ ಮೇಲೆ, ಕೆರೆ ನೀರಿಗೆ ಕಲ್ಲು ಹಾಕಿದ ಹಾಗೆ ಬಳೆ ಬಳೆ ಬಿಳುಪು. ಐದನೇ ವರ್ಷದಲ್ಲಿ ಅವಳು ಮುಂಗಾರಿನ ಮೋಡದ ಬಣ್ಣ ಇದ್ದಳು, ನನಗೆ ಅವಳು ಅತ್ಯಂತ ಸುಂದರವಾಗಿ ಕಂಡದ್ದು ಆಗ. ಏಳಕ್ಕೆ ಮೈ ಬಿಳಿ, ಬಾಲ ಮಾತ್ರ ಕಪ್ಪು. ಉಚ್ಚೈಶ್ರವಸ್ಸಿನ ಬಾಲ ಕಪ್ಪೋ ಬಿಳಿಯೋ ಅಂತ ಕದ್ರು ವಿನತೆಯರು ಪಂತ ಕಟ್ಟಿದ ಕಥೆಯನ್ನು ಅಜ್ಜಿ ಹೇಳುತ್ತಿದ್ದಾಗ, ಬಿಳಿ ಕುದುರೆಗೆ ಕಪ್ಪು ಬಾಲ ಎಲ್ಲಾದರೂ ಉಂಟೇ, ಹಾವುಗಳು ಸುತ್ತಿಕೊಂಡದ್ದು ವಿನತೆಗೆ ಗೊತ್ತಾಗಬೇಡವೇ ಅಂತ ಕೇಳುತ್ತಿದ್ದೆ. ಆ ವರ್ಷ ಕಾಜಲ್‌ಳ ಹಿಂದೆ ನಿಂತಾಗ ವಿನತೆಯ ಬಗ್ಗೆ ತುಂಬ ಮರುಕ ಹುಟ್ಟಿತು. ಈಗ ಬಾಲವೂ ಬಿಳಿಯಾಗಿದೆ. ಕುತ್ತಿಗೆ, ಕೆನ್ನೆಯ ಮೇಲೆ ರಾಗಿ ಎರಚಿದಂತೆ ಸಣ್ಣ ಸಣ್ಣ ಕಂದು ಚುಕ್ಕೆ ಬಂದಿವೆ. ಸಬ್ಜಾ ಜೀನ್ ಒಂದೇ ಪ್ರತಿ ಇರುವ ಕುದುರೆಗಳಲ್ಲಿ ಇಂಥ ಚುಕ್ಕೆ ಹೆಚ್ಚು.

ಸರಿ, ವಿಮೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಕಾಗದವನ್ನು ರಾತ್ರಿ ಕೂತು ಓದಿದೆ. 2016ರಲ್ಲಿ ಪಶುವೈದ್ಯರು ಬರೆದುಕೊಟ್ಟಿದ್ದ ಪ್ರಮಾಣಪತ್ರ. ಪುಣ್ಯಾತ್ಮರು ಕುದುರೆಯ ಚಿತ್ರದ ಮೇಲೆ ಎಲ್ಲ ಗುರುತು ಹಾಕಿದ್ದರು. ಹಣೆಯ ಬೊಟ್ಟು, ಹಿಂದಿನ ಎಡಗಾಲಿನ ಬಿಳಿ, ಜೊತೆಗೆ ಗುಣಿಸುವ ಚಿಹ್ನೆಯಂತೆ ಎರಡು ಗೆರೆ ಹಾಕಿ ಸುಳಿಗಳ ಜಾಗ. ಹಣೆಯಲ್ಲಿ ಎಡಗಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒಂದು, ಕುತ್ತಿಗೆಯ ಬಲಗಡೆ ಕೂದಲ ಅಂಚಿನಲ್ಲಿ ಒಂದು. ನಮ್ಮ ಕಡೆ ದನ ಕೊಳ್ಳುವವರು ಸುಳಿ ನೋಡದೆ ಮುಂಗಡ ಕೊಡುವುದಿಲ್ಲ. ಮಂಡ್ಯದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಹಳ್ಳಿಕಾರ್ ಹೋರಿಯ ಸುಳಿಗಳನ್ನು ಹೆಸರು ಹಿಡಿದು ಹೇಳುತ್ತಾನೆ. ಆ ಸುಳಿಗೆ ಶುಭ ಈ ಸುಳಿಗೆ ಅಶುಭ ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಸುಳಿ ಹುಟ್ಟಿನಿಂದ ಸಾಯುವ ತನಕ ಜಾಗ ಬದಲಿಸುವುದಿಲ್ಲ ಅನ್ನುವುದು ಸತ್ಯ. ಕೂದಲು ಯಾವ ಬಣ್ಣಕ್ಕೆ ತಿರುಗಿದರೂ ಅದು ಬೆಳೆಯುವ ದಿಕ್ಕು ಅದೇ.

ಮರುದಿನ ರಜೆ ಹಾಕಿ ಚಾಚಾ ಜೊತೆ ಹೋದೆ. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು. ಪಶುವೈದ್ಯರೂ ಬಂದಿದ್ದರು. ಜೀನ್ ಬಗ್ಗೆ ನಾನು ಹೇಳಲು ಶುರು ಮಾಡಿದ್ದೆ. ಚಾಚಾ ತಡೆದು, ಬಕೆಟ್ ನೀರು ತಂದು, ಒಂದು ಚೊಂಬು ಮೊಗೆದು ಕಾಜಲ್‌ಳ ಹಣೆಯ ಮೇಲೆ ನಿಧಾನವಾಗಿ ಸುರಿದರು. ಬಿಳಿ ಕೂದಲು ನೆನೆದು ಚರ್ಮಕ್ಕೆ ಅಂಟಿತು. ಮುಖವೆಲ್ಲ ಸೀಸದ ಬಣ್ಣಕ್ಕೆ ತಿರುಗಿತು, ಒಳಗಿನ ಕಪ್ಪು ಚರ್ಮ ಎದ್ದು ಕಂಡಿತು. ಹಣೆಯ ನಡುವೆ ಮಾತ್ರ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಗುಲಾಬಿ ಬೊಟ್ಟು. ಹುಟ್ಟುವಾಗ ಬಿಳಿ ಇದ್ದ ಕಡೆ ಚರ್ಮದಲ್ಲಿ ಬಣ್ಣದ ಕಣವೇ ಇರುವುದಿಲ್ಲವಲ್ಲ, ಅದು ಅಲ್ಲೇ ಇತ್ತು, ಎಂಟು ವರ್ಷದ ನರೆಯ ಕೆಳಗೆ. ಆಮೇಲೆ ಹಿಂದಿನ ಎಡಗಾಲು ನೆನೆಸಿದರು. ನಾಲ್ಕು ಬೆರಳಗಲ ಗುಲಾಬಿ. ಬಲಗಾಲು ನೆನೆಸಿದರು, ಕಪ್ಪು. ಪಶುವೈದ್ಯರು ಒದ್ದೆ ಹಣೆಯ ಮೇಲೆ ಹೆಬ್ಬೆರಳಿಟ್ಟು ಸುಳಿ ತಿರುಗುವುದನ್ನು ಮುಟ್ಟಿ ನೋಡಿದರು, ಕುತ್ತಿಗೆಯ ಬಲಗಡೆ ಕೂದಲು ಸರಿಸಿ ನೋಡಿದರು, ಚಿತ್ರದ ಜೊತೆ ಇಟ್ಟು ಹೋಲಿಸಿದರು. ‘ಇದೇ ಕುದುರೆ’ ಅಂದರು. ಆ ಅಧಿಕಾರಿ ಎದ್ದು ಬಂದು ತಾವೂ ಒಂದು ಸಲ ಹಣೆ ಮುಟ್ಟಿ ನೋಡಿ, ಚಾಚಾ ಕಡೆ ತಿರುಗಿ ‘ತಪ್ಪಾಯ್ತು ಸ್ವಾಮಿ’ ಅಂದರು. ಇಷ್ಟು ಹೇಳುವವರು ಎಷ್ಟು ಜನ ಸಿಗುತ್ತಾರೆ.

ಬಾಲದ ಕೆಳಗಿನ ಕಪ್ಪು ಚರ್ಮದ ಬಗ್ಗೆ ಒಂದು ಮಾತು. ಸಬ್ಜಾ ಕುದುರೆ ಸಾಕಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಕೂದಲನ್ನು ಬಿಳಿ ಮಾಡುವ ಇದೇ ಜೀನ್ ಚರ್ಮದಲ್ಲಿ ಗಂಟುಗಳನ್ನೂ ಎಬ್ಬಿಸುತ್ತದೆ. 15 ವರ್ಷ ದಾಟಿದ ಸಬ್ಜಾಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚಿನವುಗಳಿಗೆ ಮೆಲನೋಮ, ಅಂದರೆ ಬಣ್ಣದ ಕಣಗಳ ಗೆಡ್ಡೆ, ಬರುತ್ತದೆ. ಬಾಲದ ಅಡಿ, ಗುದದ ಸುತ್ತ, ತುಟಿ, ಕಿವಿಯ ಬುಡದ ಹತ್ತಿರ. ಬಹಳಷ್ಟು ಗೆಡ್ಡೆ ವರ್ಷಗಟ್ಟಲೆ ಸುಮ್ಮನಿರುತ್ತವೆ, ಕೆಲವು ಒಳಗೆ ಹರಡುತ್ತವೆ. ಮುಷ್ಕಿಯಾಗಿ ಹುಟ್ಟಿದ ಸಬ್ಜಾಗಳಿಗೆ, ಅಂದರೆ ಕಾಜಲ್‌ನಂಥವಕ್ಕೆ, ಅಪಾಯ ಇನ್ನೂ ಹೆಚ್ಚು. ಮೈ ಉಜ್ಜುವಾಗ ವಾರಕ್ಕೊಮ್ಮೆ ಬಾಲ ಎತ್ತಿ ಬೆರಳಲ್ಲಿ ಸವರಿ ನೋಡಿ. ಕಡಲೆಕಾಳಿನಷ್ಟು ಗಟ್ಟಿ ಸಿಕ್ಕರೂ ಪಶುವೈದ್ಯರಿಗೆ ತೋರಿಸಿ. ಚಾಚಾ ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ನೋಡುತ್ತಾರೆ. ಇದುವರೆಗೆ ಏನೂ ಇಲ್ಲ.

ಈ ವರ್ಷ ಶಿವರಾತ್ರಿ ಕಳೆದ ವಾರದಲ್ಲಿ ಕಾಜಲ್ ಮರಿ ಹಾಕಿದಳು. ಹನ್ನೊಂದು ತಿಂಗಳ ಹಿಂದೆ, ಸವಾರಿ ಕಲಿಸುವವರೊಬ್ಬರ ಹತ್ತಿರವಿದ್ದ ಸುರಂಗ್ ಗಂಡಿಗೆ ಕೂಡಿಸಿದ್ದರು. ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನಲ್ಲಿ ಓಡಿ ನಿವೃತ್ತಿಯಾದ ಥರೋಬ್ರೆಡ್ ಅದು. ಸುದ್ದಿ ತಿಳಿದ ಮೇಲೆ ನಾನು ಹಾಳೆಯ ಮೇಲೆ ಚೌಕ ಹಾಕಿ ಇಟ್ಟಿದ್ದೆ. ಗಂಡು ಸುರಂಗ್, ಅವನಿಂದ ಕಿವುಡು ಕಿವಿಯೇ ಬರುವುದು. ಕಾಜಲ್ ಹುಟ್ಟಿನಲ್ಲಿ ಮುಷ್ಕಿ, ಅವಳಲ್ಲಿ ಒಂದಾದರೂ ಕೇಳಿಸುವ ಕಿವಿ ಇದೆ, ಎರಡನೆಯದು ಏನೆಂದು ಮೈ ನೋಡಿ ಹೇಳಲು ಬರುವುದಿಲ್ಲ. ಅದು ಗುಟ್ಟಾಗಿಯೇ ಇತ್ತು, ಮರಿ ಹುಟ್ಟುವ ತನಕ.

ಬೆಳಿಗ್ಗೆ ಐದೂವರೆಗೆ ಫೋನ್ ಬಂತು. ಓಡಿಹೋದೆ. ಒಣಹುಲ್ಲಿನ ಮೇಲೆ ಕಾಲು ಚಾಚಿ ಮಲಗಿದ್ದ ಹೆಣ್ಣು ಮರಿ, ಮೈ ಇನ್ನೂ ಅರ್ಧ ಒದ್ದೆ, ಇಟ್ಟಿಗೆ ಕೆಂಪು. ‘ಸುರಂಗ್’ ಅಂದರು ಚಾಚಾ. ನಾನು ತಕ್ಷಣ ಒಪ್ಪಲಿಲ್ಲ. ಕುಮ್ಮೈತ್ ಮರಿಗಳಿಗೂ ಹುಟ್ಟುವಾಗ ಕಾಲು ಕಪ್ಪಿರುವುದಿಲ್ಲ, ಮಾಸಲು ಬೂದಿ ಬಣ್ಣ ಇರುತ್ತದೆ, ಮರಿಗೂದಲು ಉದುರಿದ ಮೇಲೆ ಕಪ್ಪಾಗುವುದು. ಕಾಲು ನೋಡಿ ಹೇಳುವ ನನ್ನ ಪಾಠ ಮರಿಗಳಿಗೆ ಅನ್ವಯಿಸುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಗುಂಗುರು ಗುಂಗುರು ಕುತ್ತಿಗೆಗೂದಲನ್ನು ಬುಡದವರೆಗೆ ಬಿಡಿಸಿ ನೋಡಿದೆ. ಒಂದು ಎಳೆ ಕಪ್ಪಿಲ್ಲ. ಕಿವಿಯ ಅಂಚು, ಬಾಲ, ಎಲ್ಲ ಕೆಂಪು. ಸುರಂಗೇ. ಹಾಗಾದರೆ ಕಾಜಲ್ ತನ್ನ ಕಪ್ಪಿನ ಒಳಗೆ, ಆ ಕಪ್ಪಿನ ಮೇಲಿನ ಬಿಳಿಯ ಒಳಗೆ, ಒಂದು ಕೆಂಪಿನ ಪ್ರತಿಯನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದಳು. ಮರಿ ನೋಡಿ ತಾಯಿಯನ್ನು ಓದಿದ್ದು ನನಗೆ ಅದೇ ಮೊದಲು. ಕಣ್ಣು ತುಂಬಿ ಬಂತು.

ಸಬ್ಜಾ ಜೀನ್ ಮರಿಗೆ ಬಂದಿದೆಯೋ ಇಲ್ಲವೋ ಅನ್ನುವುದು ಇನ್ನೊಂದು ಲೆಕ್ಕ. ತಾಯಿಯಲ್ಲಿ ಒಂದೇ ಪ್ರತಿ ಇದ್ದರೆ ಅರ್ಧಕ್ಕರ್ಧ ಸಾಧ್ಯತೆ. ಈ ಜೀನ್ ಅಡಗಿ ಕೂರುವಂಥದ್ದಲ್ಲ. ತಂದೆ ತಾಯಿಯಲ್ಲಿ ಒಬ್ಬರಾದರೂ ಸಬ್ಜಾ ಆಗಿರದೆ ಸಬ್ಜಾ ಮರಿ ಹುಟ್ಟದು, ಒಂದು ತಲೆಮಾರು ತಪ್ಪಿದರೆ ಆ ಸಾಲು ಅಲ್ಲಿಗೆ ಮುಗಿಯಿತು. ಇವತ್ತು ರೇಸಿನಲ್ಲಿ ಓಡುವ ಸಬ್ಜಾ ಥರೋಬ್ರೆಡ್‌ಗಳ ಬಿಳುಪನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಸುಮಾರು 300 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಆಲ್ಕಾಕ್ಸ್ ಅರೇಬಿಯನ್ ಎಂಬ ಒಂದು ಗಂಡು ಕುದುರೆಗೆ ಹೋಗಿ ನಿಲ್ಲುತ್ತದೆ, ನಡುವೆ ಎಲ್ಲೂ ಕೊಂಡಿ ಕಳಚಿಲ್ಲ.

ಆರನೇ ವಾರದ ಭಾನುವಾರ ಬೆಳಿಗ್ಗೆ ಮರಿಯ ಕಣ್ಣ ಹತ್ತಿರ ಟಾರ್ಚ್ ಹಿಡಿದೆ. ಎಡಗಣ್ಣಿನ ಮೇಲಿನ ರೆಪ್ಪೆಯ ಅಂಚಿನಲ್ಲಿ ನಾಲ್ಕೈದು ಬಿಳಿ ಕೂದಲು, ಹತ್ತಿಯ ಎಳೆಯಷ್ಟು ಸಣ್ಣವು. ಬಲಗಣ್ಣಿನಲ್ಲಿ ಇನ್ನೂ ಹೆಚ್ಚು. ಚಾಚಾ ಹಿಂದಿನಿಂದ, ‘ಹತ್ತು ದಿನದ ಹಿಂದೇನೇ ನೋಡ್ದೆ, ನೀನೇ ನೋಡ್ಲಿ ಅಂತ ಹೇಳ್ಲಿಲ್ಲ’ ಅಂದರು.

ಹೋದ ವಾರ ಪಶುವೈದ್ಯರು ಬಂದು ಮರಿಯ ಕಾಗದ ಮಾಡಿಕೊಟ್ಟರು. ಚಾಚಾ ಪಕ್ಕದಲ್ಲೇ ನಿಂತು ಒಂದೊಂದು ಪದವನ್ನೂ ಓದಿಸಿಕೊಂಡರು. ಬಣ್ಣ: ಹುಟ್ಟುವಾಗ ಸುರಂಗ್, ಸಬ್ಜಾ ಆಗುತ್ತಿದೆ. ಕಾಲಲ್ಲಿ ಬಿಳಿ ಇಲ್ಲ. ಹಣೆಯ ನಡುವೆ ಒಂದು ಸುಳಿ, ಕುತ್ತಿಗೆಯ ಎಡಗಡೆ ಒಂದು, ಬಲಗಡೆ ಎರಡು. ಓದಿ ಮುಗಿದ ಮೇಲೆ, ‘ಆಗುತ್ತಿದೆ ಅನ್ನೋದರ ಕೆಳಗೆ ಒಂದು ಗೆರೆ ಎಳೀರಿ ಡಾಕ್ಟ್ರೇ’ ಅಂದರು. ಡಾಕ್ಟರು ಎಳೆದರು.